ಡೋಲು ಕೇಳಿಸಿತಲ್ಲ, ಏನು ಸಮಾಚಾರ?

ಬಸ್ಸು ಓಡಿಸಿ ನಿವೃತ್ತನಾದ ಗಂಡ ಮನೆಯಲ್ಲಿ ಕೂತರೆ ಮನೆಯನ್ನೇ ಓಡಿಸಲು ನೋಡುತ್ತಾನೆ. ನಮ್ಮ ಮುಖ್ತಿಯಾರ್ ಸಿಂಗರು ಮೊದಲು ಕೈಹಾಕಿದ್ದು ನನ್ನ ಅಡುಗೆಮನೆಗೆ. ಪರಾಠಾ ಹೀಗೆ ಮಗುಚು, ಮಜ್ಜಿಗೆ ಹಾಗೆ ಕಡೆ ಎಂದು ಶುರುಮಾಡಿದರು. ನಾನು ಸೌಟು ಎತ್ತಿದ ಮೇಲೆ ಅಂಗಳಕ್ಕೆ ಹೋಗಿ ಹಗ್ಗದ ಮಂಚದ ಮೇಲೆ ಕೂತರು. ಕೆಲವು ದಿನ ಬಿಟ್ಟು ಅಲ್ಲಿಂದಲೇ ಕೂಗಿದರು.

"ಚರಣೋ, ನಾನು ಡೋಲು ಕಲೀತೀನಿ."

"ಕಲೀರಿ. ನನ್ನ ತಲೆ ಮೇಲೆ ಮಾತ್ರ ಬಾರಿಸಬೇಡಿ."

ನಮ್ಮ ಜಾಟರು ಡೋಲಿಗೆ ಕುಣಿಯುತ್ತಾರೆ. ಬಾರಿಸುವುದು ಬೇರೆಯವರ ಕೆಲಸ. ಚಿಕ್ಕಂದಿನಲ್ಲಿ ಇವರು ಆಸೆಪಟ್ಟಾಗ ಇವರ ತಾತ ಬೆನ್ನಿಗೆ ನಾಲ್ಕು ಬಿಟ್ಟಿದ್ದರಂತೆ. ಈಗ ತಾತನೂ ಇಲ್ಲ, ಬೆನ್ನೂ ಗಟ್ಟಿಯಾಗಿದೆ. ಊರಿನ ಹಳೆಯ ಡೋಲುಗಾರ ನಜರ್ ದೀನ್‌ಗೆ ಪೇಟ ಸುತ್ತಿ, ಲಡ್ಡು ತಿನ್ನಿಸಿ ಶಿಷ್ಯರಾದರು.

ಉಸ್ತಾದರು ಡೋಲನ್ನು ಮುಟ್ಟಲು ಬಿಡಲೇ ಇಲ್ಲ. ಟ್ರ್ಯಾಕ್ಟರಿನ ಹಳೆಯ ಟಯರು ಮುಂದಿಟ್ಟು, ಒಂದು ಕೈಗೆ ತುದಿ ಬಾಗಿದ ದಪ್ಪ ಕೋಲು, ಇನ್ನೊಂದು ಕೈಗೆ ತೆಳ್ಳನೆಯ ಬೆತ್ತದ ಕಡ್ಡಿ ಕೊಟ್ಟು ಕೂರಿಸಿದರು.

"ದಪ್ಪ ಕೋಲು ಗಂಡ ಇದ್ದ ಹಾಗೆ ಸರದಾರಜೀ. ಅಪರೂಪಕ್ಕೆ ಒಂದು ಮಾತು, ಆಡಿದ್ರೆ ಗಟ್ಟಿ ಮಾತು. ಕಡ್ಡಿ ಹೆಂಡ್ತಿ. ಬಾಯಿ ಮುಚ್ಚೋದೇ ಇಲ್ಲ."

"ಈ ಮನೇಲಿ ಕೋಲು ಅದಲುಬದಲು ಮಾಡ್ಕೊಳ್ಳಿ ಉಸ್ತಾದ್‌ಜೀ," ಎಂದೆ ನಾನು ಚಹಾ ಇಡುತ್ತ.

ಈ ನಡುವೆ ಮಗಳು ನವರೂಪ್ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ಗಂಡಾಗಿದ್ದರೆ ಬಾಗಿಲಿಗೆ ಸೊಪ್ಪು ಕಟ್ಟುತ್ತಿದ್ದರು, ಡೋಲು ಹೊಡೆಸುತ್ತಿದ್ದರು, ಬೀದಿಗೆಲ್ಲ ಸಿಹಿ ಹಂಚುತ್ತಿದ್ದರು. ಈಗ ಅಕ್ಕಪಕ್ಕದವರು ಬಂದು, "ಹೋಗ್ಲಿ ಬಿಡು, ತಾಯಿ ಮಗು ಚೆನ್ನಾಗಿದಾರಲ್ಲ," ಎಂದು ಸಮಾಧಾನ ಹೇಳಿ ಹೋದರು. ಇಲ್ಲಿ ಯಾರು ಸತ್ತಿದ್ದಾರೆಂದು ಸಮಾಧಾನ? ಬೀಗಿತ್ತಿಯಂತೂ ಫೋನಿನಲ್ಲಿ ಮಗು ಯಾರ ಹಾಗಿದೆ ಎಂದು ಸಹ ಕೇಳಲಿಲ್ಲ. ನವರೂಪ್ ಮಗುವನ್ನು ತಬ್ಬಿಕೊಂಡು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಬಾಣಂತಿಗೆಂದು ತುಪ್ಪದಲ್ಲಿ ಹುರಿದ ಪಂಜೀರಿ ಕೊಟ್ಟರೆ ತಿನ್ನುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ಅವಳ ಮುಖದಲ್ಲಿ ಒಂದು ನಗು ಕಂಡರೆ ಸಾಕು ಎಂದು ನಾನು ಕಾಯುತ್ತಿದ್ದೆ.

ಇದರ ಮಧ್ಯೆಯೇ ಉಸ್ತಾದರು ಡೋಲನ್ನು ಶಿಷ್ಯನ ಕೊರಳಿಗೆ ಹಾಕಿದರು. ಬಾಣಂತಿ ಮನೆಯಲ್ಲಿ ಗದ್ದಲ ಬೇಡ ಎಂದು ನಾನೆಂದೆ. ಆದರೆ ಮಗು ಬಲು ಜಾಣೆ. ಡೋಲು ಬಡಿದರೆ ನಿದ್ದೆ ಮಾಡುತ್ತಿತ್ತು, ನಿಲ್ಲಿಸಿದರೆ ಅಳುತ್ತಿತ್ತು.

ಮೊದಲ ದಿನ ತಾಳ ಒಂದಿಷ್ಟು ಹದಕ್ಕೆ ಬರುತ್ತಿದ್ದ ಹಾಗೆಯೇ ಎದುರುಮನೆಯ ಮುದುಕಿ ಬಂತ್ ಕೌರ್ ದುಪಟ್ಟಾ ಸರಿಮಾಡಿಕೊಳ್ಳುತ್ತ ಬಂದಳು.

"ಡೋಲು ಕೇಳಿಸ್ತು. ಏನಪ್ಪಾ ಶುಭ ಸಮಾಚಾರ? ಮಗನಿಗೆ ಹೆಣ್ಣು ಗೊತ್ತಾಯ್ತಾ?"

"ಏನೂ ಇಲ್ಲ ಬೇಬೇ. ಸುಮ್ನೆ ಕಲೀತಿದೀನಿ."

"ಹಾಗಾದ್ರೆ ಅವನು ಫಾರಿನ್‌ಗೆ ಹೋಗೋ ವೀಸಾ ಬಂತಾ?"

"ಏನೂ ಆಗಿಲ್ಲ ಅಂದ್ನಲ್ಲ."

ಬಂದವಳು ಚಹಾ ಕುಡಿದೇ ಹೋದಳು. ಮರುದಿನ ಹಾಲಿನವನು ಕೇಳಿದ. ಆಮೇಲೆ ಗುರುದ್ವಾರದಲ್ಲಿ ಗ್ರಂಥ ಓದುವ ಗ್ರಂಥಿಗಳೂ ಇಣುಕಿದರು. ನಮ್ಮೂರಿನಲ್ಲಿ ಡೋಲು ಕೇಳಿ ಯಾರೂ ಸುಮ್ಮನೆ ಕೂರುವುದಿಲ್ಲ. ಇವರು ಎಲ್ಲರಿಗೂ ಅದೇ ಉತ್ತರ ಕೊಟ್ಟರು: ಏನೂ ಇಲ್ಲ, ಏನೂ ಆಗಿಲ್ಲ. ನನಗೂ ಅದರಲ್ಲಿ ತಪ್ಪೇನೂ ಹೊಳೆಯಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿ ಹಾಲು ಮುಗಿಯುತ್ತಿದೆಯಲ್ಲ ಎಂಬುದೊಂದೇ ನನ್ನ ತಲೆನೋವು.

ಕೊನೆಗೆ, ಮಗು ಹುಟ್ಟಿದ, ಮದುವೆಯಾದ ಮನೆಗಳಿಗೆ ಹೋಗಿ ಹಾಡಿ ಹರಸುವ ಪಕ್ಕದ ಪಟ್ಟಣದ ಮಂಗಳಮುಖಿಯರಿಗೂ ಸುದ್ದಿ ಮುಟ್ಟಿತು. ಒಂದು ಮಧ್ಯಾಹ್ನ ಡೋಲಿನ ಪಾಠ ನಡೆಯುತ್ತಿದ್ದಾಗಲೇ ರೇಶಮಾ ತನ್ನ ತಂಡದೊಂದಿಗೆ ಚಪ್ಪಾಳೆ ತಟ್ಟುತ್ತ ನೇರ ಅಂಗಳಕ್ಕೆ ಬಂದಳು.

"ದಿನಾ ಡೋಲು ಬಾರಿಸ್ತಿದೀರಂತೆ, ನಮಗೊಂದು ಮಾತು ಹೇಳೋದು ಬೇಡ್ವಾ ಸರದಾರಜೀ? ಮೊಮ್ಮಗನಾ, ಮದುವೆನಾ? ಯಾವುದಾದ್ರೂ ಸರಿ, ನಾವು ಹರಸದೆ ಹೋಗೋರಲ್ಲ."

ಇವರು ಮುಜುಗರದಿಂದ ನಕ್ಕರು. "ಅಯ್ಯೋ, ನಮ್ಮನೇಲಿ ಏನೂ ಆಗಿಲ್ಲ ತಾಯಿ."

ಬಾಣಂತಿ ಕೋಣೆಯ ಬಾಗಿಲು ತೆರೆಯಿತು. ನಲವತ್ತು ದಿನ ತುಂಬುವ ತನಕ ಹೊಸ್ತಿಲು ದಾಟಬಾರದ ನನ್ನ ಮಗಳು, ರಜಾಯಿಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ನಿಂತಳು.

"ಪಾಪಾ, ನಾನು ಒಳಗಿಂದ ದಿನಾ ಕೇಳಿಸ್ಕೋತಿದೀನಿ. ಈ ಮನೇಲಿ ನಿಜವಾಗ್ಲೂ ಏನೂ ಆಗಿಲ್ವಾ?"

ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹೋದ ಕತೆಯನ್ನು ಜೋಕಿನ ಹಾಗೆ ಹೇಳುವ ಮನುಷ್ಯನ ಮುಖ ಸುಣ್ಣವಾಯಿತು. ನನಗೂ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಊರಿನವರು ಆಡಿದ್ದು ಒಂದು ತೂಕ, ಹೆತ್ತ ಅಪ್ಪ ಆಡಿದ್ದು ಇನ್ನೊಂದು ತೂಕ.

ಇವರು ಡೋಲಿನ ಪಟ್ಟಿಯನ್ನು ಕೊರಳಲ್ಲಿ ಸರಿಮಾಡಿಕೊಂಡು ಗೇಟು ದಾಟಿ ಬೀದಿಗಿಳಿದರು. ನಟ್ಟನಡುವೆ ನಿಂತು ದಪ್ಪ ಕೋಲನ್ನು ಬೀಸಿದ ಬಿರುಸಿಗೆ ಪಾರಿವಾಳಗಳೆಲ್ಲ ಎದ್ದವು.

"ತಾಳ ಜಾರ್ತಿದೆ ಸರದಾರಜೀ," ಎಂದು ಉಸ್ತಾದರು ಹಿಂದೆಯೇ ಓಡಿದರು.

"ಜಾರ್ಲಿ ಬಿಡಿ."

ಬಂತ್ ಕೌರ್ ಬಾಗಿಲಿಗೆ ಬಂದಳು. "ಇವತ್ತೂ ಏನೂ ಇಲ್ವಾ?"

"ಮೊಮ್ಮಗಳು ಹುಟ್ಟಿದಾಳೆ ಬೇಬೇ."

"ಅದು ಗೊತ್ತಿರೋದೇ ಅಲ್ವೇನೋ."

"ಗೊತ್ತಿದ್ರೆ ಬಂದು ಕುಣೀರಿ ಮತ್ತೆ."

ರೇಶಮಾಗೆ ಅಷ್ಟು ಸಾಕಾಯಿತು. ಗಂಡು ಹುಟ್ಟಿದಾಗ ಹಾಡುವ ಹಾಡನ್ನೇ ಎತ್ತಿಕೊಂಡು, ಮಗ ಎಂಬಲ್ಲೆಲ್ಲ ಮಗಳು ಎಂದು ಸೇರಿಸಿ, ಸೊಂಟಕ್ಕೆ ದುಪಟ್ಟಾ ಬಿಗಿದು ಬೀದಿಗಿಳಿದಳು. ಮುದುಕಿ ಗೊಣಗುತ್ತಲೇ ಮೆಟ್ಟಿಲಿಳಿದು ಎರಡು ಹೆಜ್ಜೆ ಹಾಕಿದಳು. ಇವರು ಮನೆಯಿಂದ ಮನೆಗೆ ಹೋಗಿ ಪ್ರತಿ ಬಾಗಿಲಲ್ಲೂ ನಿಂತು ಬಾರಿಸಿದರು, ಪ್ರತಿ ಬಾಗಿಲಲ್ಲೂ ಅದೇ ಮಾತು ಹೇಳಿದರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು; ಎರಡೂ ಕೈಯಲ್ಲಿ ಕೋಲಿದ್ದುದರಿಂದ ಒರೆಸಿಕೊಳ್ಳುವಂತಿರಲಿಲ್ಲ.

ಗೇಟಿನ ಬಳಿ ನಿಂತಿದ್ದ ನವರೂಪಳ ಭುಜದ ಮೇಲೆ ನನ್ನ ಶಾಲು ಹೊದಿಸಿದೆ.

"ಒಳಗೆ ನಡಿ ಪುತ್ತರ್, ಥಂಡಿ ಗಾಳಿ."

ಅವಳು ಮಗುವಿನ ಮುಖದ ಮೇಲಿದ್ದ ರಜಾಯಿಯ ಅಂಚನ್ನು ಸರಿಸಿ, ಮಗುವನ್ನು ಬೀದಿಯ ಕಡೆ ತಿರುಗಿಸಿದಳು. ನಗುತ್ತಿದ್ದಳು.

"ಇರಿ ಮಮ್ಮಿ. ಕೊನೇ ಮನೆಗೆ ಪಾಪಾ ಇನ್ನೂ ಹೇಳಿಲ್ಲ."