ಏಳನೇ ಬೆಡ್ಡಿನ ಹಿಮ್ಮಡಿ

ಕೈಗೆ ಹಾಕುವ ರಬ್ಬರ್ ಗ್ಲೌಸಿಗೆ ನೀರು ತುಂಬಿ ಗಂಟು ಹಾಕುವುದು ಏನು ಮಹಾ ಎಂದು ಹೊರಗಿನವರಿಗೆ ಅನಿಸಬಹುದು. ಮಾಡಿ ನೋಡಬೇಕು. ನೀರು ಹೆಚ್ಚಾದರೆ ಬಿಗಿದುಕೊಂಡು ಹಾಸಿಗೆಯಲ್ಲಿ ನಿಲ್ಲದೆ ಉರುಳುತ್ತದೆ, ಕಡಿಮೆಯಾದರೆ ಕಾಲಿನ ಭಾರಕ್ಕೆ ಚಪ್ಪಟೆಯಾಗಿ ಇದ್ದೂ ಇಲ್ಲದಂತಾಗುತ್ತದೆ. ಉಡುಪಿಯ ಆ ಖಾಸಗಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಇದರ ಹದ ಬಲ್ಲವರು ಇಬ್ಬರೇ. ಒಬ್ಬರು ಇನ್‌ಚಾರ್ಜ್ ಝೀಟಾ ಸಿಸ್ಟರ್, ಕಾರ್ಕಳದವರು, ಇಪ್ಪತ್ತಾರು ವರ್ಷದ ಸರ್ವಿಸು. ಇನ್ನೊಬ್ಬಳು ಅವರ ಕೈಕೆಳಗೆ ನಾಲ್ಕು ವರ್ಷ ಪಳಗಿದ ಕಟಪಾಡಿಯ ನವ್ಯಶ್ರೀ. ಎದ್ದು ಓಡಾಡಲಾಗದ ರೋಗಿಗಳ ಹಿಮ್ಮಡಿ ಹಾಸಿಗೆಗೆ ಒತ್ತಿ ಹುಣ್ಣಾಗಬಾರದೆಂದು ಅದರ ಕೆಳಗೆ ಇಂಥ ನೀರಿನ ಗ್ಲೌಸು ಇಡುವುದು ಆ ವಾರ್ಡಿನ ಪದ್ಧತಿ. ಯಾರು ಶುರುಮಾಡಿದರೋ ಯಾರಿಗೂ ಗೊತ್ತಿಲ್ಲ. ಝೀಟಾ ಸಿಸ್ಟರ್ ತಮ್ಮ ಹಿರಿಯರಿಂದ ಕಲಿತರು, ನವ್ಯಶ್ರೀ ಝೀಟಾ ಸಿಸ್ಟರಿಂದ ಕಲಿತಳು. ‘ನಿನ್ನ ಕೈ ನನ್ನ ಕೈಯ ಹಾಗೆಯೇ ಆಯಿತು’ ಎಂದು ಅವರು ಒಮ್ಮೆ ಹೇಳಿದ್ದನ್ನು ಅವಳು ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದಳು.

ಏಪ್ರಿಲಿನ ಮೂರನೆಯ ವಾರ ಏಳನೇ ಬೆಡ್ಡಿಗೆ ಕಾಪುವಿನ ಅಂಗಾರಜ್ಜ ಬಂದರು. ಎಪ್ಪತ್ತರ ಹತ್ತಿರದ ಪ್ರಾಯ, ಮೈಯಲ್ಲಿ ಸಕ್ಕರೆ ಕಾಯಿಲೆ, ಅಂಗಳದಲ್ಲಿ ಜಾರಿ ಬಿದ್ದು ಎಡ ಸೊಂಟದ ಮೂಳೆ ಮುರಿದಿತ್ತು. ದೋಣಿ ಹತ್ತುವುದು ಬಿಟ್ಟು ಹತ್ತು ವರ್ಷವಾಗಿದ್ದರೂ ಅವರಿಗೆ ಕಡಲಿನ ಕೆಲಸ ತಪ್ಪಿರಲಿಲ್ಲ. ಮಳೆಗಾಲ ಕಳೆದು ದಡಕ್ಕೆ ಎಳೆಯುವ ಕೈರಂಪಣಿ ಬಲೆ ಇಳಿಸುವಾಗ ದಂಡೆಯಲ್ಲಿ ನಿಂತು, ನೀರಿನ ಬಣ್ಣ ನೋಡಿ, ಮೀನಿನ ಹಿಂಡು ಇಂಥ ಕಡೆ ಉಂಟು ಎಂದು ಕೈ ತೋರಿಸುವವರು ಅವರೇ. ಅವರು ಕೈ ಎತ್ತದೆ ಬಲೆ ನೀರಿಗೆ ಬೀಳುತ್ತಿರಲಿಲ್ಲ. ಆಪರೇಷನ್ ಆದ ಮರುದಿನ ಅವರು ಡಾಕ್ಟರ ಹತ್ತಿರ ಕೇಳಿದ್ದು ಒಂದೇ ಮಾತು, ಸೆಪ್ಟೆಂಬರಿಗೆ ಮರಳಿನ ಮೇಲೆ ನಿಲ್ಲಬಹುದಾ ಎಂದು. ಡಾಕ್ಟರು ನಕ್ಕು, ನಿಲ್ಲುವುದೇನು, ನಡೆಯಲೂಬಹುದು ಎಂದರು. ಆದರೆ ಎರಡು ದಿನದಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು, ಅಜ್ಜ ಹಾಸಿಗೆಗೇ ಅಂಟಿಕೊಂಡರು.

ಈ ಅಜ್ಜನಿಗೆ ಗ್ಲೌಸು ಹಿಡಿಸಲಿಲ್ಲ. ಇಟ್ಟುಹೋದ ಸ್ವಲ್ಪ ಹೊತ್ತಿಗೆ ಅದನ್ನು ಬದಿಗೆ ಸರಿಸಿ, ಮಗಳು ಸರಸಳ ಕೈಯಲ್ಲಿ ದಿಂಬು ತರಿಸಿ, ಮೀನಖಂಡದ ಕೆಳಗೆ ಉದ್ದಕ್ಕೆ ಇಡಿಸಿಕೊಳ್ಳುತ್ತಿದ್ದರು. ಹಿಮ್ಮಡಿ ದಿಂಬಿನ ಅಂಚಿನಿಂದ ಆಚೆ ಗಾಳಿಯಲ್ಲಿ ಇರುತ್ತಿತ್ತು. ಎರಡು ಸಲ ನೋಡಿಯೂ ಸುಮ್ಮನಿದ್ದ ನವ್ಯಶ್ರೀ ಮೂರನೆಯ ಸಲ ವಾರ್ಡಿಗೆಲ್ಲ ಕೇಳುವಂತೆ ಬೈದಳು.

“ಅಜ್ಜಾ, ನರ್ಸು ನೀವಾ, ನಾನಾ?”

“ಹೀಗೆ ಇಟ್ಟರೆ ಹಿಮ್ಮಡಿಗೆ ಎಂತದೂ ತಾಗುವುದಿಲ್ಲ ಮಗಾ, ಅದಕ್ಕೆ” ಎಂದರು ಅಜ್ಜ, ತಪ್ಪು ಮಾಡಿದವರ ಹಾಗೆ. ಅವಳು ದಿಂಬು ಎಳೆದು ಗ್ಲೌಸು ಇಟ್ಟಳು. ಮತ್ತೆ ಅವರು ಅದನ್ನು ಮುಟ್ಟಲಿಲ್ಲ. ಸಿಸ್ಟರ್ ಹೇಳಿದ ಮೇಲೆ ಮುಗಿಯಿತು ಎನ್ನುವ ಕಾಲದ ಮನುಷ್ಯ. ಸರಸ ತಾನೂ ಕಲಿಯುತ್ತೇನೆ ಎಂದಾಗ ನವ್ಯಶ್ರೀ ಅವಳಿಗೆ ನೀರಿನ ಹದವನ್ನೂ ಗಂಟು ಹಾಕುವ ಕ್ರಮವನ್ನೂ ತಾಳ್ಮೆಯಿಂದ ತೋರಿಸಿಕೊಟ್ಟಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯೇ?

ಆ ತಿಂಗಳ ಕೊನೆಗೆ ಮಣಿಪಾಲದ ಒಂದು ಲೈಬ್ರರಿಯಲ್ಲಿ ನರ್ಸುಗಳಿಗೆ ಮೂರು ದಿನದ ತರಬೇತಿ ಇತ್ತು. ವಾರ್ಡಿನಲ್ಲಿ ನಾವು ಮಾಡುವ ಕೆಲಸಕ್ಕೆ ಸಂಶೋಧನೆಯ ಆಧಾರ ಉಂಟೋ ಇಲ್ಲವೋ, ಅದನ್ನು ಕಂಪ್ಯೂಟರಿನಲ್ಲಿ ಹುಡುಕುವುದು ಹೇಗೆ ಎನ್ನುವ ತರಬೇತಿ. ಆಸ್ಪತ್ರೆಯಿಂದ ನವ್ಯಶ್ರೀಯನ್ನು ಕಳಿಸಿದರು. ಪ್ರತಿಯೊಬ್ಬರೂ ತಮ್ಮ ವಾರ್ಡಿನಿಂದ ಒಂದು ಪ್ರಶ್ನೆ ತರಬೇಕಿತ್ತು. ಇವಳು ಒಯ್ದದ್ದು ಗ್ಲೌಸನ್ನೇ. ಅನುಮಾನವಿದ್ದು ಅಲ್ಲ, ಖಂಡಿತ ಉತ್ತರ ಸಿಗುತ್ತದೆ, ಝೀಟಾ ಸಿಸ್ಟರಿಗೆ ತೋರಿಸಿದರೆ ಖುಷಿಪಡುತ್ತಾರೆ ಎಂದು.

ಕಲಿಸಲು ಬಂದವರು ವಲೇರಿಯನ್ ಎನ್ನುವ ಲೈಬ್ರರಿಯನ್. ಮೆಲುದನಿಯ ಮನುಷ್ಯ, ಕನ್ನಡಕ ಹಣೆಯ ಮೇಲೆ ಇಟ್ಟುಕೊಂಡೇ ಕನ್ನಡಕ ಹುಡುಕುವವರು. ಮೊದಲ ದಿನ ನವ್ಯಶ್ರೀ ತನ್ನ ಇಡೀ ಪ್ರಶ್ನೆಯನ್ನು ಹಾಗೆಯೇ ಟೈಪ್ ಮಾಡಿದಾಗ ಆಪರೇಷನ್ ಥಿಯೇಟರಿನ ಗ್ಲೌಸುಗಳ ಬಗ್ಗೆ ಸಾವಿರಾರು ಲೇಖನ ಬಂದು ಬಿದ್ದವು. ವಲೇರಿಯನ್ ಸರ್ ಪಕ್ಕದಲ್ಲಿ ಕೂತು ಪ್ರಶ್ನೆಯನ್ನು ಬಿಡಿಸಿಕೊಟ್ಟರು. ರೋಗಿ ಯಾರು? ನೀವು ಮಾಡುವುದೇನು? ಅದರ ಬದಲಿಗೆ ಮಾಡಬಹುದಾದದ್ದೇನು? ನಿಮಗೆ ಆಗಬೇಕಾದದ್ದೇನು? ಬದಲಿಗೆ ಏನು ಎನ್ನುವಲ್ಲಿ ಅವಳ ಪೆನ್ನು ನಿಂತಿತು. ಗ್ಲೌಸು ಅಲ್ಲದೆ ಬೇರೆ ಏನಾದರೂ ಉಂಟೆಂದು ಅವಳು ಯೋಚಿಸಿಯೇ ಇರಲಿಲ್ಲ. ಕೊನೆಗೆ ಅಂಗಾರಜ್ಜನ ನೆನಪಾಗಿ, ಒಳಗೇ ನಗುತ್ತಾ, ದಿಂಬು ಎಂದು ಬರೆದಳು.

ಉತ್ತರ ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಮೊದಲೇ ಸಿಕ್ಕಿತು. ಹಲವು ದೇಶದ ತಜ್ಞರು ಕೂಡಿ ಬರೆದ ಮಾರ್ಗಸೂಚಿ. ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸು ಇಡಬೇಡಿ ಎಂದು ಅದರಲ್ಲಿ ನೇರವಾಗಿ ಬರೆದಿತ್ತು. ಗ್ಲೌಸು ಭಾರವನ್ನು ಹಂಚುವುದಿಲ್ಲ, ಇಷ್ಟಗಲದ ಜಾಗದಲ್ಲೇ ಹಿಡಿದಿಡುತ್ತದೆ. ಮೀನಖಂಡದ ಉದ್ದಕ್ಕೂ ದಿಂಬು ಕೊಟ್ಟು ಹಿಮ್ಮಡಿಯನ್ನು ಪೂರ್ತಿ ಹಾಸಿಗೆಯಿಂದ ಬಿಡಿಸಬೇಕು. ಅವಳು ಅದನ್ನು ಮೂರು ಸಲ ಓದಿದಳು. ಅಲ್ಲಿದ್ದ ಚಿತ್ರದಲ್ಲಿ ಕಾಲು ಇದ್ದದ್ದು ಅಂಗಾರಜ್ಜ ಇಟ್ಟುಕೊಳ್ಳುತ್ತಿದ್ದ ಹಾಗೆಯೇ.

ಕೊನೆಯ ದಿನ ವಲೇರಿಯನ್ ಸರ್ ಹೇಳಿದ ಒಂದು ಮಾತನ್ನು ಅವಳು ನೋಟ್‌ಬುಕ್ಕಿನಲ್ಲಿ ಬರೆದು ಕೆಳಗೆ ಗೀಟು ಹಾಕಿದಳು. ಹುಡುಕಿದ್ದು ರೋಗಿಯ ಹಾಸಿಗೆಗೆ ಮುಟ್ಟುವವರೆಗೆ ಹುಡುಕಿದ ಹಾಗಲ್ಲ. ಅಕ್ಷರ ಚೆನ್ನಾಗಿ ಬಂದಿತ್ತು. ಬರೆದದ್ದನ್ನು ಮಾಡಬೇಕೆಂದು ಮಾತ್ರ ಹೊಳೆಯಲಿಲ್ಲ.

ಮೇ ಒಂದರಂದು ಡ್ಯೂಟಿಗೆ ಬಂದಾಗ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಕರೆದು, ಹನ್ನೆರಡಕ್ಕೆ ನರ್ಸಸ್ ಡೇ, ಮಣಿಪಾಲದಲ್ಲಿ ಕಲಿತದ್ದನ್ನು ಅವತ್ತು ಸ್ಟೇಜಿನ ಮೇಲೆ ಹೇಳಬೇಕು, ಡಾಕ್ಟರರೂ ಮ್ಯಾನೇಜ್‌ಮೆಂಟಿನವರೂ ಇರುತ್ತಾರೆ ಎಂದರು. ವಾರ್ಡಿಗೆ ಬಂದರೆ ಝೀಟಾ ಸಿಸ್ಟರ್ ಸಿಂಕಿನ ಮುಂದೆ ನಿಂತು ಹಾಡು ಗುನುಗುತ್ತಾ ಗ್ಲೌಸು ತುಂಬುತ್ತಿದ್ದರು. ನವ್ಯಶ್ರೀ ಬಾಯಿ ತೆರೆದವಳು ಮುಚ್ಚಿದಳು. ಇಪ್ಪತ್ತಾರು ವರ್ಷ ಮಾಡಿದ್ದು ತಪ್ಪು ಎಂದು ಕಲಿಸಿದವರ ಮುಖಕ್ಕೆ ಹೇಳುವುದು ಹೇಗೆ? ಇದು ಅವಳು ತನಗೆ ತಾನೇ ಹೇಳಿಕೊಂಡ ಕಾರಣ. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡಬೇಕು. ಈಗಲೇ ಹೇಳಿದರೆ ನಾಳೆಯೇ ಎಲ್ಲ ವಾರ್ಡಿಗೂ ಗೊತ್ತಾಗುತ್ತದೆ, ಹನ್ನೆರಡರಂದು ಸ್ಟೇಜಿನ ಮೇಲೆ ಹಳಸಿದ ಮಾತು ಹೇಳಬೇಕಾಗುತ್ತದೆ. ಹನ್ನೊಂದು ದಿನದಲ್ಲಿ ಏನು ಮುಳುಗುತ್ತದೆ ಎಂದು ಅವಳು ಅಂದುಕೊಂಡಳು.

ಪೂರ್ತಿ ಸುಮ್ಮನಿರಲು ಮನಸ್ಸೂ ಒಪ್ಪಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದಳು. ತನ್ನ ಡ್ಯೂಟಿ ಶುರುವಾದೊಡನೆ ಅಂಗಾರಜ್ಜನ ಗ್ಲೌಸು ತೆಗೆದು ದಿಂಬು ಕೊಡುವುದು. ಡ್ಯೂಟಿ ಮುಗಿದು ಮುಂದಿನವರಿಗೆ ಹ್ಯಾಂಡೋವರ್ ಕೊಡುವ ಮೊದಲು ದಿಂಬು ತೆಗೆದು ಗ್ಲೌಸು ತಿರುಗಿ ಇಡುವುದು. ಇಟ್ಟದ್ದು ಇಟ್ಟ ಹಾಗೆ ಇದ್ದರೆ ಯಾರೂ ಏನೂ ಕೇಳುವುದಿಲ್ಲ. ಎಂಟು ಗಂಟೆ ಸರಿ, ಹದಿನಾರು ಗಂಟೆ ತಪ್ಪು. ಹಿಮ್ಮಡಿಗೆ ಶಿಫ್ಟಿನ ಲೆಕ್ಕ ತಿಳಿಯುತ್ತದೆಯೇ?

ಅಜ್ಜ ಒಂದು ದಿನ ಕೇಳಿದರು. “ನೀನು ಬಂದರೆ ದಿಂಬು, ಹೋಗುವಾಗ ಗ್ಲೌಸು. ಯಾವುದು ಸರಿ ಮಗಾ?”

ಸರಸ ಪಕ್ಕದಲ್ಲೇ ಕೂತು ಗಂಜಿ ಆರಿಸುತ್ತಿದ್ದಳು. ನವ್ಯಶ್ರೀ ಚಾರ್ಟಿನಿಂದ ಕಣ್ಣು ಎತ್ತದೆ ಹೇಳಿದಳು, “ಎರಡೂ ಬೇಕು ಅಜ್ಜ.”

ಐದನೆಯ ದಿನಕ್ಕೆ ಎಡ ಹಿಮ್ಮಡಿ ಕೆಂಪಾಗಿತ್ತು. ಒತ್ತಿ ನೋಡಿದರೆ ಕೆಂಪು ಮಾಸಲಿಲ್ಲ, ಒಳಗೆ ಹುಣ್ಣು ಶುರುವಾದ ಲಕ್ಷಣ. ಎಂಟನೆಯ ದಿನ ನೇರಳೆ ಬಣ್ಣದ ಗುಳ್ಳೆ. ಝೀಟಾ ಸಿಸ್ಟರ್ ಚಿಂತೆಯಿಂದ ಇನ್ನೊಂದು ಗ್ಲೌಸು ತುಂಬಿ ತಂದರು, ಮೊದಲನೆಯದರಲ್ಲಿ ನೀರು ಕಡಿಮೆಯಾಯಿತೋ ಏನೋ ಎಂದು. ಅವತ್ತಾದರೂ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಹೇಳುವುದೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕಿತ್ತು. ಇನ್ನು ನಾಲ್ಕೇ ದಿನ ಎಂದುಕೊಂಡು ಅವಳು ಗ್ಲೌಸು ಹಿಡಿದುಕೊಂಡಳು, ಸಿಸ್ಟರ್ ಕಾಲು ಎತ್ತಿದರು.

ಹನ್ನೆರಡರಂದು ಸ್ಟೇಜಿನ ಮೇಲೆ ಅವಳು ಗ್ಲೌಸಿನ ವಿಷಯ ಚೆನ್ನಾಗಿಯೇ ಮಾತಾಡಿದಳು. ಚಪ್ಪಾಳೆ ಬಿತ್ತು, ಹೂಗುಚ್ಛ ಕೊಟ್ಟರು, ಫೋಟೋ ತೆಗೆದರು. ಎರಡನೆಯ ಸಾಲಿನಲ್ಲಿ ಕೂತಿದ್ದ ಝೀಟಾ ಸಿಸ್ಟರ್ ಚಪ್ಪಾಳೆ ಮುಗಿಯುವ ಮೊದಲೇ ಎದ್ದು ಹೋದರು. ಸಿಟ್ಟಾಯಿತು ಎಂದು ಅವಳು ಹೆದರಿಕೊಂಡೇ ವಾರ್ಡಿಗೆ ಬಂದಳು. ಸಿಸ್ಟರ್ ಒಂದೊಂದೇ ಬೆಡ್ಡಿನಿಂದ ಗ್ಲೌಸುಗಳನ್ನು ತೆಗೆದು ಬಕೆಟ್ಟಿಗೆ ಹಾಕುತ್ತಿದ್ದರು. ಪ್ರತಿಯೊಬ್ಬರ ಕಾಲಿನ ಕೆಳಗೂ ಆಗಲೇ ದಿಂಬು ಬಂದಿತ್ತು. ಕಾಲು ಗಂಟೆಯ ಕೆಲಸ. ಅಷ್ಟೇ ಇದ್ದದ್ದು.

“ನಿನಗೆ ಇದು ಗೊತ್ತಾಗಿ ಎಷ್ಟು ದಿನ ಆಯಿತು?” ಎಂದು ಸಿಸ್ಟರ್ ಕೇಳಿದರು.

ಮಣಿಪಾಲದಲ್ಲೇ ಗೊತ್ತಾಯಿತು ಎಂದಳು.

“ನನಗೆ ಹೇಳಬಹುದಿತ್ತಲ್ಲ ನವ್ಯಾ. ನಾನು ಎಂತ, ನಿನ್ನನ್ನು ತಿನ್ನುತ್ತಿದ್ದೆನಾ?”

ಸಿಸ್ಟರ್ ಬಕೆಟ್ಟನ್ನು ಕೆಳಗಿಟ್ಟರು. ಏಳನೇ ಬೆಡ್ಡಿನ ಹತ್ತಿರ ಹೋಗಿ, ಕಪ್ಪಾಗಿದ್ದ ಆ ಹಿಮ್ಮಡಿಯನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನಿಂತರು. ಅವರ ಕಣ್ಣು ಒದ್ದೆಯಾದದ್ದನ್ನು ನವ್ಯಶ್ರೀ ಅವತ್ತೇ ಮೊದಲು ಕಂಡದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಲ್ಕು ದಿನದ ಬಳಿಕ ಅಜ್ಜನನ್ನು ಮನೆಗೆ ಕಳಿಸಿದರು. ಗ್ಲೌಸು ಯಾಕೆ ತೆಗೆದದ್ದೆಂದು ಸರಸಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಸೊಂಟ ಕೂಡಿಕೊಳ್ಳುತ್ತಿತ್ತು, ಹಿಮ್ಮಡಿಯ ಹುಣ್ಣಿನಿಂದಾಗಿ ಅವರನ್ನು ಎಬ್ಬಿಸಿ ನಿಲ್ಲಿಸಲು ಮಾತ್ರ ಆಗಿರಲಿಲ್ಲ. ಅವತ್ತು ನವ್ಯಶ್ರೀಗೆ ವೀಕ್ಲಿ ಆಫ್ ಇತ್ತು. ಇತ್ತು ಎನ್ನುವುದಕ್ಕಿಂತ, ಅವಳೇ ಬದಲಾಯಿಸಿಕೊಂಡಿದ್ದಳು.

ಡ್ರೆಸ್ಸಿಂಗಿಗೆಂದು ಅಜ್ಜ ಜೂನಿನಲ್ಲಿ ಎರಡು ಸಲ ಬಂದದ್ದು ರಿಜಿಸ್ಟರಿನಲ್ಲಿತ್ತು. ಹುಣ್ಣು ಮೂಳೆಯವರೆಗೆ ಹೋಗಿದೆ, ಸಕ್ಕರೆ ಇಳಿಯದಿದ್ದರೆ ಪಾದ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದರಂತೆ. ಆಮೇಲೆ ಅವರು ಬರಲೇ ಇಲ್ಲ. ಜುಲೈಯ ಒಂದು ಭಾನುವಾರ, ಮಧ್ಯಾಹ್ನದ ಮೇಲೆ ಮಳೆ ಬಿಟ್ಟ ಹೊತ್ತಿನಲ್ಲಿ, ಅವಳು ಬಸ್ಸು ಹತ್ತಿ ಕಾಪುವಿನಲ್ಲಿ ಇಳಿದು ಕಡಲ ಕಡೆಗೆ ನಡೆದಳು. ಮಾರ್ಗಸೂಚಿಯ ಆ ಹಾಳೆಯ ಪ್ರಿಂಟು ಬ್ಯಾಗಿನಲ್ಲಿತ್ತು. ಅದನ್ನು ಯಾಕೆ ತಂದೆ ಎಂದು ಕೇಳಿದ್ದರೆ ಹೇಳಲು ಅವಳಿಗೆ ತಿಳಿಯುತ್ತಿರಲಿಲ್ಲ.

ಸರಸ ಬಾಗಿಲಲ್ಲೇ ಕಂಡು ಸಂತೋಷಪಟ್ಟಳು. ಒಳಗೆ ಕರೆದು ಚಾಪೆ ಹಾಸಿ, ಚಾ ಮಾಡಲು ಹೋದಳು. ನಮ್ಮ ಸಿಸ್ಟರ್ ಬಂದಿದ್ದಾರೆ ಎಂದು ಅಡುಗೆಮನೆಯಿಂದಲೇ ಪಕ್ಕದ ಮನೆಯವರಿಗೆ ಕೂಗಿ ಹೇಳಿದಳು. ಅಂಗಾರಜ್ಜ ಕಿಟಕಿಯ ಬಳಿ ಮಂಚದ ಮೇಲೆ ಇದ್ದರು. ಎಡ ಪಾದಕ್ಕೆ ದಪ್ಪ ಬ್ಯಾಂಡೇಜು, ದಿನಕ್ಕೊಮ್ಮೆ ಹತ್ತಿರದ ಕ್ಲಿನಿಕ್ಕಿನವರು ಬಂದು ಕಟ್ಟಿ ಹೋಗುತ್ತಾರಂತೆ. ಕಿಟಕಿಯಲ್ಲಿ ಕಡಲು ಸ್ವಲ್ಪವೇ ಕಾಣುತ್ತಿತ್ತು. ಮಲಗಿದಲ್ಲಿಂದ ನೀರಿನ ಬಣ್ಣ ಗೊತ್ತಾಗುವುದಿಲ್ಲ ಮಗಾ, ನಿಲ್ಲಬೇಕು ಎಂದರು.

ಆಗ ಅವಳು ಬಲಗಾಲಿನ ಕಡೆ ನೋಡಿದಳು. ಬಲ ಹಿಮ್ಮಡಿಯ ಕೆಳಗೆ ನೀರು ತುಂಬಿದ ಗ್ಲೌಸು ಇತ್ತು. ಹದ ಸರಿಯಾಗಿತ್ತು, ಗಂಟು ಅಚ್ಚುಕಟ್ಟಾಗಿತ್ತು, ಅವಳ ಕೈಯದೇ ಎನ್ನುವ ಹಾಗೆ. ಮಂಚದ ಕೆಳಗೆ ಗ್ಲೌಸಿನ ಡಬ್ಬಿ ಇತ್ತು. ಅವಳು ಕಾಲು ಎತ್ತಿ ನೋಡಿದಳು. ಹಿಮ್ಮಡಿ ಕೆಂಪಾಗಿತ್ತು. ಬೆರಳಿನಿಂದ ಒತ್ತಿದಳು. ಮಾಸಿತು, ಆದರೆ ನಿಧಾನವಾಗಿ ಮಾಸಿತು.

ಸರಸ ಚಾ ತಂದಿಟ್ಟು ಹೇಳಿದಳು. “ಬೆಳಗ್ಗೆ ದಿಂಬು ಇಡುತ್ತೇನೆ ಸಿಸ್ಟರ್, ಮಧ್ಯಾಹ್ನ ಊಟ ಆದ ಮೇಲೆ ಗ್ಲೌಸು. ಒಂದು ದಿನವೂ ತಪ್ಪಿಸಲಿಲ್ಲ. ಎರಡೂ ಬೇಕು ಎಂದು ನೀವು ಹೇಳಿದ್ದಲ್ವಾ?”

ನವ್ಯಶ್ರೀ ಚಾ ಲೋಟವನ್ನು ಬದಿಗೆ ಸರಿಸಿದಳು. ಬ್ಯಾಗಿನ ಹಾಳೆ ಬ್ಯಾಗಿನಲ್ಲೇ ಉಳಿಯಿತು. ಎರಡೂ ಬೇಡ, ದಿಂಬು ಮಾತ್ರ ಎಂದಳು. ಗ್ಲೌಸು ಇಡಬಾರದು ಎಂದು ತನಗೆ ಆಗಲೇ ಗೊತ್ತಿತ್ತು, ಅಜ್ಜ ಆಸ್ಪತ್ರೆಯಲ್ಲಿ ಇರುವಾಗಲೇ ಗೊತ್ತಿತ್ತು, ಕಾಲು ಕಪ್ಪಾಗುವ ಮೊದಲೇ ಗೊತ್ತಿತ್ತು ಎಂದೂ ಹೇಳಿದಳು. ಸರಸ ಬೈದಿದ್ದರೆ ಚೆನ್ನಾಗಿತ್ತು. ಬಗ್ಗಿ ಗ್ಲೌಸನ್ನು ಎತ್ತಿಕೊಂಡಳು, ಹಿತ್ತಲಿಗೆ ಹೋದಳು, ಬಹಳ ಹೊತ್ತು ಒಳಗೆ ಬರಲಿಲ್ಲ.

ಅಂಗಾರಜ್ಜ ಕಿಟಕಿಯಿಂದ ಇವಳ ಕಡೆ ತಿರುಗಿದರು.

“ಹಾಗಾದರೆ ನಾನು ಅವತ್ತು ಇಟ್ಟದ್ದು ಸರಿ ಇತ್ತಾ?”

“ಸರಿ ಇತ್ತು ಅಜ್ಜ.”

“ಮತ್ತೆ ಯಾಕೆ ಬೈದದ್ದು ಮಾರಾಯ್ತಿ? ನನಗೆ ಗೊತ್ತಿಲ್ಲ ಎಂದು ನಾನು ಬಿಟ್ಟುಬಿಟ್ಟೆ.”

ಕೇಳಿದ ಸ್ವರದಲ್ಲಿ ಸಿಟ್ಟು ಇರಲಿಲ್ಲ. ತಿಳಿದುಕೊಳ್ಳಬೇಕು ಎಂದೇ ಕೇಳಿದ್ದರು, ಉತ್ತರಕ್ಕೆ ಕಾದರು. ನವ್ಯಶ್ರೀ ಎದ್ದಳು. ಗೋಡೆಗೆ ಒರಗಿಸಿಟ್ಟಿದ್ದ ದಿಂಬು ತಂದು ಬಲಗಾಲಿನ ಮೀನಖಂಡದ ಉದ್ದಕ್ಕೆ ಇಟ್ಟಳು. ಹಿಮ್ಮಡಿ ಪೂರ್ತಿ ಬಿಟ್ಟುಕೊಂಡಿದೆಯೇ ಎಂದು ನೋಡಲು ಅಂಗೈಯನ್ನು ಅದರ ಕೆಳಗೆ ಹಾಯಿಸಿದಳು. ಎಲ್ಲಿಯೂ ತಾಗಲಿಲ್ಲ. ಆದರೂ ಕೈ ತೆಗೆಯದೆ, ಸರಸ ಒಳಗೆ ಬರುವವರೆಗೂ ಹಾಗೆಯೇ ಕೂತಿದ್ದಳು.