ಪಡುವಣ ಮೂಲೆಯ ಅಡುಗೆಮನೆ

ಉಣಕಲ್ಲಿನ ಅರಳೆ ವ್ಯಾಪಾರಿ ಮಡಿವಾಳಪ್ಪನಿಗೆ ಒಂದು ಚಟ. ಯಾವ ಕೆಲಸವಾದರೂ ಊರೆಲ್ಲ ಕೇಳಿ ಮಾಡಬೇಕು, ಹೆಂಡತಿಯೊಬ್ಬಳನ್ನು ಬಿಟ್ಟು. ಮೂವತ್ತಾರನೆಯ ಇಸವಿಯಲ್ಲಿ ಹಿತ್ತಲ ಬಯಲಿನಲ್ಲಿ ಹೊಸ ಮನೆ ಕಟ್ಟಿಸುವ ಮನಸ್ಸಾದಾಗಲೂ ಅಷ್ಟೇ. ಹುಬ್ಬಳ್ಳಿ ಪೇಟೆಯ ಗೆಳೆಯರನ್ನು ಕೇಳಿದ, ಮಠದ ಅಯ್ಯನವರನ್ನು ಕೇಳಿದ, ಕಡೆಗೆ ಅರಳೆ ಗಾಡಿ ಹೊಡೆಯುವವನನ್ನೂ ಕೇಳಿದ.

ಹೆಂಡತಿ ಶರಣವ್ವನಿಗೆ ಬೇಕಾದದ್ದು ಒಂದೇ: ಅಡುಗೆಮನೆ ಗಾಳಿ ಬೆಳಕಾಡುವ ಮೂಡಣ ದಿಕ್ಕಿಗೆ ಬರಬೇಕು. ಹಳೆಯ ಮನೆಯಲ್ಲಿ ಇಪ್ಪತ್ತು ವರ್ಷ ಹೊಗೆ ಕುಡಿದು, ಹಾಡಹಗಲೇ ಚಿಮಣಿ ದೀಪ ಹಚ್ಚಿಕೊಂಡು ರೊಟ್ಟಿ ಬಡಿದು ಅವಳ ಕಣ್ಣು ಹಾಳಾಗಿದ್ದವು. ನಾಳೆ ಬರುವ ಸೊಸೆಯೂ ಹಾಗೇ ಕಣ್ಣೊರೆಸಿಕೊಳ್ಳುತ್ತ ಕೂಡುವುದು ಅವಳಿಗೆ ಬೇಕಿರಲಿಲ್ಲ.

"ಮೂಡಣ ಕಡೆ ಪಡಸಾಲಿ," ಅಂದ ಮಡಿವಾಳಪ್ಪ. "ನಾಕು ಮಂದಿ ಬಂದು ಕೂಡೋ ಜಾಗಾ. ಅಡಗಿಮನಿ ಪಡುವಣ ಮೂಲ್ಯಾಗ."

"ಆ ಮೂಲಿ ಬ್ಯಾಡ್ರಿ, ಅಲ್ಲಿ..."

"ನಿನಗೇನ ತಿಳೀತದ? ಸುಮ್ಕಿರು."

ಮೂರು ಸಲ ಬಾಯಿ ತೆರೆದಳು, ಮೂರು ಸಲವೂ ಇದೇ ಉತ್ತರ. ಆಗಲಿ, ಮನೆ ಕಟ್ಟುವ ಗೌಂಡಿ ಬರಲಿ, ಎಂದುಕೊಂಡಳು.

ಗೌಂಡಿ ಗುಲಾಬಸಾಬ ಸೋಮವಾರ ಬೆಳಿಗ್ಗೆ ಬಂದ. ಕಾಗದದ ನಕಾಶೆಯನ್ನು ನಂಬುವವನಲ್ಲ ಅವನು. ಗೂಟ ಹೊಡೆದು, ಹುರಿ ಬಿಗಿದು, ಸುಣ್ಣದ ಪುಡಿ ಉದುರಿಸಿ ಇಡೀ ಮನೆಯನ್ನು ನೆಲದ ಮೇಲೇ ಬಿಡಿಸುತ್ತಿದ್ದ. ಯಜಮಾನ ಅದರೊಳಗೆ ಓಡಾಡಿ ಹೂಂ ಅನ್ನಬೇಕು, ಆಮೇಲೆಯೇ ಪಾಯ. ಮಡಿವಾಳಪ್ಪ ಇಲ್ಲದ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದ, ಇಲ್ಲದ ಪಡಸಾಲೆಯಲ್ಲಿ ನಿಂತು ಮೀಸೆ ತಿರುವಿದ.

ಶರಣವ್ವ ಸೆರಗು ಬಿಗಿದು ಪಡುವಣ ಮೂಲೆಗೆ ನಡೆದಳು.

"ಗುಲಾಬಸಾಬ್ರ, ಇಲ್ಲೊಮ್ಮೆ ಹಾರಿ ಹೊಡೀರಿ."

"ಪಾಯಾ ತಗ್ಯೂ ದಿವ್ಸ ಇವತ್ತಲ್ರೀ ಯವ್ವಾ."

"ಪಾಯಾ ಅಲ್ರಿ. ಸುಮ್ನ ಒಮ್ಮೆ ಹೊಡೀರಿ."

ಗುಲಾಬಸಾಬ ಸಾಹುಕಾರನ ಮುಖ ನೋಡಿದ. ಹೆಂಡತಿಯ ಹುಚ್ಚು ಒಮ್ಮೆ ಬಿಡಲಿ ಎಂದು ಸಾಹುಕಾರ ಹೊಡಿ ಎಂಬಂತೆ ಕೈಯಾಡಿಸಿದ. ಕಬ್ಬಿಣದ ಹಾರೆ ಮೊದಲ ಏಟಿಗೆ ಗೇಣು ಇಳಿಯಿತು. ಎರಡನೆಯ ಏಟಿಗೆ ಕಲ್ಲಿಗೆ ತಾಗಿ ಟೊಳ್ಳು ಸದ್ದು ಮಾಡಿತು. ಮಣ್ಣು ಸರಿಸಿ ಚಪ್ಪಡಿ ಎತ್ತಿದರೆ ಕೆಳಗೆ ಕತ್ತಲೆ. ಮುಗ್ಗಿದ ಜೋಳದ ವಾಸನೆ ಮುಖಕ್ಕೆ ಬಡಿಯಿತು. ಹಗೇವು! ಕಾಳು ತುಂಬಿಡುವ ನೆಲದೊಳಗಿನ ಕಣಜ, ಎರಡಾಳು ಆಳದ್ದು.

"ಅಪ್ಪನ ಹಗೇವು ಬೇವಿನ ಗಿಡದ ಬುಡಕ್ಕೈತಲ್ಲ!" ಮಡಿವಾಳಪ್ಪ ಬಾಯಿ ಬಿಟ್ಟ.

"ಅದು ಮಂದಿಗೆ ತೋರಸಾಕ. ಇದು ಮನಿಗೆ. ಆವಾಗ ನೀವು ಹುಬ್ಬಳ್ಳ್ಯಾಗ ನಿಮ್ಮ ಸ್ವಾದರಮಾವನ ಅಂಗಡ್ಯಾಗ ಇದ್ರಿ. ಅತ್ತಿಯವರು ನನಗ ತೋರಿಸಿದ್ರು. ಬರಗಾಲದಾಗ ಇದರೊಳಗಿನ ಜ್ವಾಳ ನಾನ ಹೊತ್ತೇನಿ."

ಗುಲಾಬಸಾಬ ಹಾರೆಯನ್ನು ಮೆಲ್ಲಗೆ ಬದಿಗಿಟ್ಟ. "ಇದರ ಮ್ಯಾಲ ಗ್ವಾಡಿ ಏರಿಸಿದ್ರ ಒಂದ ಮಳಿಗಾಲಕ್ಕ ಕುಸೀತಿತ್ರಿ ಸಾವಕಾರ್ರ. ಒಲಿ ಮುಂದ ಕೂತವ್ರೂ ಅದರ ಜೋಡಿ ಹೋಗ್ತಿದ್ರು. ಮಣ್ಣ ತುಂಬಿದ್ರೂ ಬಿಗಿ ಆಗಾಕ ಮೂರ ಮಳಿಗಾಲ ಬೇಕು."

ಮಡಿವಾಳಪ್ಪ ಹೆಂಡತಿಯ ಕಡೆ ತಿರುಗಿದ. ಒಲೆಯ ಮುಂದೆ ಕೂಡುವವರು ಯಾರೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಮೊದ್ಲ ಹೇಳಬಾರದಿತ್ತೇನ?"

"ಮೂರ ಸಲ ಹೇಳಾಕ ಬಂದೆ. ಸುಮ್ಕಿರು ಅಂದ್ರಿ."

ಮಡಿವಾಳಪ್ಪ ತೆರೆದ ಹಗೇವಿನ ಬಾಯಿಂದ ಹಿಂದೆ ಸರಿದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ಹಂಗಾರ ನೀನ ಹೇಳು. ಮನಿ ಹೆಂಗ ಇರಬೇಕು?"

ಇಪ್ಪತ್ತು ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಕೇಳಿದ್ದು ಇದೇ ಮೊದಲು. ಅವಳು ತಿಂಗಳುಗಟ್ಟಲೆ ಉತ್ತರ ಸಿದ್ಧವಿಟ್ಟುಕೊಂಡಿದ್ದಳು.

"ಬರ್ರಿ," ಅಂದಳು ಮೂಡಣಕ್ಕೆ ತಿರುಗಿ. "ಮೊದ್ಲ ನಿಮ್ಮ ಪಡಸಾಲಿ ಸರಸೂಣು."