ಹೊಟ್ಟೆಗೊಂದು ತೂತು

ಐದು ತಿಂಗಳಿಂದ ನನ್ನ ಕಟಿಂಗ್ ಟೇಬಲ್ ಒಂದು ಯುದ್ಧವಿಮಾನದ ವಶದಲ್ಲಿತ್ತು. ನಾನು ಹೊಲಿಗೆಯವಳು. ಅಂಗಡಿ, ಆಫೀಸು ಏನೇ ಅಂದರೂ ನನಗಿರುವುದು ಆ ಟೇಬಲ್ ಒಂದೇ. ಅದಿಲ್ಲದೆ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸುತ್ತಿದ್ದೆ. ಸಂಜೆ ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಗುತ್ತಿತ್ತು.

"ಇದು ಹಾರಿದ ದಿನ ಟೇಬಲ್ ನಿಂದು" ಎಂದು ನನ್ನ ಗಂಡ ಮಾತು ಕೊಟ್ಟಿದ್ದರು. ಹಾರುವ ಲಕ್ಷಣ ಮಾತ್ರ ಇರಲಿಲ್ಲ.

ಅವರದು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಹಿಸುವವರಲ್ಲ. ರಿಮೋಟಿನಲ್ಲಿ ಹಾರಿಸುವ ಈ ಮಾದರಿ ವಿಮಾನಕ್ಕೆಂದು ಫೋಮ್ ಹಾಳೆಯ ಒಂದೊಂದು ತುಂಡನ್ನೂ ನನ್ನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರು. ಅಂಟು ಒಂದು ಹನಿ ಹೆಚ್ಚಾದರೆ ಊಟ ಬಿಟ್ಟರು. ಇಷ್ಟೆಲ್ಲ ಮಾಡಿ ಕೊನೆಗೆ ಮೂರು ಕೋಟು ಬಣ್ಣ ಬಳಿದರು, ಬಣ್ಣಕ್ಕೆ ತೂಕವೇ ಇಲ್ಲವೆಂಬಂತೆ. ಒಳಗೊಬ್ಬ ಪೈಲಟ್ ಬೊಂಬೆಯನ್ನೂ ಕೂರಿಸಿದರು. ಅವನಿಗೆ ಇವರದೇ ಮೀಸೆ.

ಈ ವಿಮಾನಕ್ಕೆ ಮೂತಿಯಲ್ಲಿ ತಿರುಗುವ ರೆಕ್ಕೆಯಿಲ್ಲ. ಹೊಟ್ಟೆಯೊಳಗೆ ಕೊಳವೆ, ಕೊಳವೆಯಲ್ಲಿ ಫ್ಯಾನು. ಮುಂದಿನ ಕಿಂಡಿಯಿಂದ ಗಾಳಿ ಎಳೆದು ಹಿಂದಿನಿಂದ ಉಗುಳಬೇಕು. ನಿಜವಾದ ಜೆಟ್ಟಿನ ಚಿತ್ರ ಎದುರಿಗಿಟ್ಟುಕೊಂಡು ಅಳೆದಿದ್ದರಿಂದ ಆ ಕಿಂಡಿಗಳು ನನ್ನ ಹೆಬ್ಬೆರಳಿನಷ್ಟೇ ಇದ್ದವು.

ಮೊದಲ ಭಾನುವಾರ ಮೈದಾನದಲ್ಲಿ ಅದನ್ನು ಎಸೆದವರು ನನ್ನ ಭಾವ, ಅಂದರೆ ಇವರ ಅಣ್ಣ. ಭಾವನ ವಿಮಾನ ಪ್ಯಾಕಿಂಗ್ ಫೋಮಿಗೆ ಟೇಪು ಸುತ್ತಿದ್ದು, ನೋಡಲು ಹಳೇ ಚಪ್ಪಲಿ, ಆದರೆ ಹಾರುತ್ತದೆ. ನಮ್ಮದು ಇಪ್ಪತ್ತು ಹೆಜ್ಜೆ ಹೋಗಿ ಹುಲ್ಲಿಗೆ ಮೂತಿ ಇಟ್ಟಿತು.

"ನಾನು ಎಸೆದಷ್ಟು ದೂರ ಹೋಯ್ತಪ್ಪಾ. ಕಲ್ಲೂ ಅಷ್ಟೇ ಹೋಗುತ್ತೆ" ಎಂದರು ಭಾವ.

ಆಮೇಲಿನ ನಾಲ್ಕು ದಿನ ಫ್ಯಾನನ್ನು ಟೇಬಲ್ ಮೇಲೆಯೇ ಓಡಿಸಿ ಪರೀಕ್ಷೆ ಮಾಡಿದರು. ನಾನು ಕೆಳಗೆ ಕೂತು ಗುಂಡಿ ಹಚ್ಚುತ್ತ ನೋಡುತ್ತಿದ್ದೆ. ಫ್ಯಾನು ಕಿರುಚಿದಾಗಲೆಲ್ಲ ವಿಮಾನದ ತೆಳು ಹೊಟ್ಟೆ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಮೇಲಿನ ಮುಚ್ಚಳ ತೆಗೆದರೆ ಕಿರುಚಾಟ ನಿಂತು, ಹಿಂದಿನ ಗಾಳಿಗೆ ನನ್ನ ದಾರದ ತುಣುಕುಗಳೆಲ್ಲ ಹಾರಿಹೋಗುತ್ತಿದ್ದವು.

"ರೀ, ಅದಕ್ಕೆ ಉಸಿರು ಕಟ್ತಾ ಇದೆ. ಹೊಟ್ಟೆಗೊಂದು ತೂತು ಮಾಡಿ" ಎಂದೆ.

"ನಿಜವಾದ ಜೆಟ್‌ಗೆ ಹೊಟ್ಟೇಲಿ ತೂತು ಇರುತ್ತೇನೇ?"

"ನಿಜವಾದ ಜೆಟ್ಟು ನನ್ನ ಟೇಬಲ್ ಮೇಲೂ ಇರಲ್ಲ."

ಅದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಶನಿವಾರ ಅವರು ಅಂಗಡಿಗೆ ಹೋದ ಮೇಲೆ ನಾನು ವಿಮಾನವನ್ನು ಬೆನ್ನ ಮೇಲೆ ಮಲಗಿಸಿದೆ. ಕೆಟ್ಟರೆ ಇನ್ನೂ ಐದು ತಿಂಗಳು ನೆಲವೇ ಗತಿ. ಎರಡು ವರ್ಷದ ಮಗುವಿನ ಅಂಗಿಯ ಕೊರಳಿನ ಕಾಗದದ ಅಚ್ಚನ್ನು ಫ್ಯಾನಿಗಿಂತ ನಾಲ್ಕು ಬೆರಳು ಮುಂದೆ ಇಟ್ಟು, ಗುರುತು ಮಾಡಿ, ಅವರದೇ ಬ್ಲೇಡಿನಿಂದ ಕೊಯ್ದೆ. ಅಂಚು ಹರಿಯದಿರಲೆಂದು ಕೊರಳಿಗೆ ಪಟ್ಟಿ ಕೊಟ್ಟಂತೆ ಸುತ್ತಲೂ ಟೇಪು ಕೊಟ್ಟೆ. ಆಮೇಲೆ ಹೊಟ್ಟೆ ಕೆಳಗೆ ಮಾಡಿ, ಏನೂ ಮಾಡದವಳಂತೆ ಗುಂಡಿಗಳಿಗೆ ಮರಳಿದೆ.

ಭಾನುವಾರ ವಿಮಾನವನ್ನು ಹಳೇ ಚಾದರದಲ್ಲಿ ಸುತ್ತಿ ನಾನೇ ಎತ್ತಿಕೊಂಡು ಹೋದೆ.

"ಇವತ್ತು ನಾನೇ ಎಸೀತೀನಿ" ಎಂದೆ.

"ಎಸಿಯಮ್ಮ, ನಿನ್ನ ಸಿಟ್ಟಾದ್ರೂ ಅದನ್ನ ಸ್ವಲ್ಪ ದೂರ ಕಳಿಸುತ್ತೆ" ಎಂದು ಭಾವ ನಕ್ಕರು.

ಎಸೆದೆ. ಒಂದು ಗಳಿಗೆ ಕೆಳಕ್ಕೆ ಇಳಿಯಿತು. ಆಮೇಲೆ ಮೂತಿ ಎತ್ತಿ ಮೇಲಕ್ಕೆ ಹೋಯಿತು ನೋಡಿ, ಮೈದಾನದ ಆ ತುದಿಗೆ ಹೋಗಿ, ತಿರುಗಿ, ನಮ್ಮ ತಲೆಯ ಮೇಲೆ ಸುಯ್ಯೆಂದು ದಾಟಿತು. ಮೂರು ಸುತ್ತು. ಚೆನ್ನಾಗಿತ್ತು, ಇಲ್ಲವೆನ್ನುವಷ್ಟು ಕಲ್ಲೆದೆ ನನ್ನದಲ್ಲ. ಹುಲ್ಲಿನ ಮೇಲೆ ಜಾರಿ ನಿಂತ ವಿಮಾನವನ್ನು ಭಾವ ಹೋಗಿ ಎತ್ತಿದರು, ತಿರುಗಿಸಿದರು.

"ಈ ತೂತು ಯಾರ ತಲೆಗೆ ಹೊಳೀತೋ? ಭಾರಿ ಕೆಲಸ."

ನನ್ನ ಗಂಡ ತೂತು ನೋಡಿದರು. ನನ್ನನ್ನು ನೋಡಿದರು. ಮೀಸೆಯ ಮೇಲೊಮ್ಮೆ ಬೆರಳಾಡಿಸಿದರು.

"ನಂದೇ ಅಣ್ಣ. ಮೊದಲಿಂದಾನೂ ನನ್ನ ಡಿಸೈನಲ್ಲಿತ್ತು."

ನಾನು ಚಾದರ ಮಡಿಸಿದೆ.

ಮನೆಗೆ ಬಂದವರೇ ವಿಮಾನವನ್ನು ಮತ್ತೆ ಟೇಬಲ್ ಮೇಲೆ ಇಟ್ಟರು. ನಾನು ಬಟ್ಟೆಯ ಥಾನು ಹಿಡಿದು ಕಾಯುತ್ತಿದ್ದೆ.

"ಇದು ಲೆಕ್ಕಕ್ಕಿಲ್ಲ ಕಣೇ. ತೂತು ಮಾಡಿದವಳು ನೀನು. ನಾನು ಕಟ್ಟಿದ ವಿಮಾನ ಇನ್ನೂ ಹಾರಿಲ್ಲ. ಅದನ್ನ ಮುಚ್ಚಿ, ಬೇರೆ ಮೋಟಾರ್ ಹಾಕಿ ನೋಡ್ತೀನಿ."

ನಾನು ಫೋನ್ ತೆಗೆದು ಭಾವನ ನಂಬರ್ ಒತ್ತಿದೆ. ಗಂಟೆ ಹೋಗುತ್ತಿರುವಾಗಲೇ ಅವರ ಕೈಗೆ ಕೊಟ್ಟೆ.

"ಈಗ ನನಗೆ ಹೇಳಿದ್ದನ್ನೇ ಅಣ್ಣನಿಗೂ ಹೇಳಿಬಿಡಿ. ಆಮೇಲೆ ಟೇಬಲ್ ನೀವೇ ಇಟ್ಕೊಳ್ಳಿ."

"ಹಲೋ, ಏನಪ್ಪಾ ಇಂಜಿನಿಯರ್ರೇ?" ಎಂದಿತು ಆ ಕಡೆಯ ದನಿ.

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಏನಿಲ್ಲ ಅಣ್ಣ. ಸುಮ್ಮನೆ ಮಾಡ್ದೆ" ಎಂದರು. ಹಾಗೆನ್ನುತ್ತ ಇನ್ನೊಂದು ಕೈಯಿಂದ ಅಂಟಿನ ಬಾಟಲಿಗಳನ್ನು ಒಂದೊಂದಾಗಿ ಟೇಬಲ್ಲಿನಿಂದ ಕೆಳಗಿಳಿಸತೊಡಗಿದರು.